ಆರು ತಿಂಗಳು ತುಂಬಿದ ಮಗುವಿಗೆ ಗಂಜಿ ತಿಳಿ ಸಾಕೇ?

ಮಗು ಹುಟ್ಟಿದಂದಿನಿಂದ ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರು ಸಹ ಬೇಡ ಎಂಬ ಮಾತು ಈಗ ನಮ್ಮ ಕರಾವಳಿಯ ಹೆಚ್ಚಿನ ಮನೆಗಳಿಗೆ ತಲುಪಿದೆ. ಆಸ್ಪತ್ರೆಯ ಗೋಡೆಯ ಮೇಲೆ, ತಾಯಿ ಕಾರ್ಡಿನಲ್ಲಿ, ಆಶಾ ಕಾರ್ಯಕರ್ತೆಯ ಬಾಯಲ್ಲಿ ಅದೇ ಮಾತು. ಮೊದಲು ನಾಲ್ಕರಿಂದ ಆರು ತಿಂಗಳು ಎನ್ನಲಾಗುತ್ತಿದ್ದುದನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪೂರ್ತಿ ಆರು ತಿಂಗಳು ಎಂದು ಖಚಿತಪಡಿಸಿತು. ಇದು ಒಳ್ಳೆಯದೇ. ಆದರೆ ಏಳನೆಯ ತಿಂಗಳ ಮೊದಲ ದಿನ ಮಗುವಿನ ಬಾಯಿಗೆ ಏನು ಇಡಬೇಕು, ಎಷ್ಟು ಇಡಬೇಕು, ಎಷ್ಟು ದಪ್ಪವಾಗಿ ಇಡಬೇಕು ಎಂಬುದನ್ನು ಇಷ್ಟೇ ಸ್ಪಷ್ಟವಾಗಿ ಹೇಳುವವರು ಕಡಿಮೆ.

ಇದರ ಪರಿಣಾಮ ಅಂಕಿ ಅಂಶಗಳಲ್ಲಿ ಕಾಣುತ್ತದೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 6ರಿಂದ 8 ತಿಂಗಳ ಮಕ್ಕಳ ಪೈಕಿ ಎದೆಹಾಲಿನ ಜೊತೆಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಪಡೆಯುತ್ತಿದ್ದವರು ನೂರಕ್ಕೆ 46 ಮಂದಿ ಮಾತ್ರ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಆಹಾರ ಸಿಗುತ್ತಿದ್ದುದು ನೂರಕ್ಕೆ 11 ಮಕ್ಕಳಿಗೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಇದನ್ನು ಬಡತನವೊಂದರ ಲೆಕ್ಕ ಎಂದು ತಳ್ಳಿಹಾಕುವಂತಿಲ್ಲ. ಅಡುಗೆಮನೆಯಲ್ಲಿ ಅಕ್ಕಿ, ಬೇಳೆ, ಮೊಟ್ಟೆ, ಮೀನು ಎಲ್ಲವೂ ಇದ್ದು ಮಗುವಿನ ಬಟ್ಟಲಲ್ಲಿ ಮಾತ್ರ ನೀರಿನಂಥ ಗಂಜಿ ಇರುವ ಮನೆಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ.

ಆರು ತಿಂಗಳಿಗೇ ಏಕೆ?

ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಂದಿಷ್ಟು ಕಬ್ಬಿಣದ ಅಂಶವನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಂಡು ಹುಟ್ಟುತ್ತದೆ. ದಿನ ತುಂಬಿ ಹುಟ್ಟಿದ ಮಗುವಿಗೆ ಈ ಗಂಟು ಸುಮಾರು ಆರು ತಿಂಗಳ ತನಕ ಬರುತ್ತದೆ. ಎದೆಹಾಲು ಎಲ್ಲ ವಿಧದಲ್ಲೂ ಶ್ರೇಷ್ಠವಾದರೂ ಅದರಲ್ಲಿ ಕಬ್ಬಿಣ ಬಹಳ ಕಡಿಮೆ, ಒಂದು ಲೀಟರಿನಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ಮೈಯಲ್ಲಿದ್ದ ಗಂಟು ಕರಗುವ ಹೊತ್ತಿಗೆ ಹೊರಗಿನಿಂದ ಕಬ್ಬಿಣ ಬರಲೇಬೇಕು. ಬಾರದಿದ್ದರೆ ರಕ್ತ ಕಡಿಮೆಯಾಗುತ್ತದೆ. ಮಿದುಳು ವೇಗವಾಗಿ ಬೆಳೆಯುವ ಕಾಲವೂ ಇದೇ ಆದುದರಿಂದ, ಈಗಿನ ಕೊರತೆ ಮುಂದೆ ಮಗುವಿನ ಕಲಿಕೆಯ ಮೇಲೂ ಪರಿಣಾಮ ಬೀರಬಹುದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಕಡಿಮೆ ತೂಕದ ಮಕ್ಕಳಿಗೆ ಈ ಗಂಟು ಇನ್ನೂ ಚಿಕ್ಕದು. ಅವರಿಗೆ ಕಬ್ಬಿಣದ ಹನಿಗಳನ್ನು ವೈದ್ಯರು ಮೊದಲೇ ಆರಂಭಿಸುತ್ತಾರೆ.

ಹೊಟ್ಟೆಯ ಲೆಕ್ಕವೂ ಇದೆ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಬೇಕು. ಎದೆಹಾಲಿನಿಂದ 400ರಷ್ಟು ಸಿಗುತ್ತದೆ, ಉಳಿದ 200 ಊಟದಿಂದ ಬರಬೇಕು. ಒಂಬತ್ತು ತಿಂಗಳಾದಾಗ ಊಟದ ಪಾಲು 300ಕ್ಕೆ ಏರುತ್ತದೆ, ವರ್ಷ ಕಳೆದ ಮೇಲೆ 550ಕ್ಕೆ. ಎದೆಹಾಲನ್ನು ನಿಲ್ಲಿಸಬೇಕು ಎಂದು ಇದರ ಅರ್ಥವಲ್ಲ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಲಿ, ಊಟ ಅದರ ಜೊತೆಗೆ ಬರುವಂಥದ್ದು.

ಹಾಗೆಂದು ನಾಲ್ಕನೆಯ ತಿಂಗಳಲ್ಲೇ ಅವಸರ ಮಾಡುವುದೂ ಸರಿಯಲ್ಲ. ಮಗು ಕತ್ತು ನೆಟ್ಟಗೆ ನಿಲ್ಲಿಸಿ, ಆಸರೆ ಕೊಟ್ಟರೆ ಕುಳಿತುಕೊಳ್ಳುತ್ತದೆ. ನಾವು ಉಣ್ಣುವಾಗ ಬಟ್ಟಲಿಗೆ ಕೈ ಚಾಚುತ್ತದೆ. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರದಬ್ಬುವ ಹುಟ್ಟುಗುಣ ಕಡಿಮೆಯಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ಲಕ್ಷಣಗಳೆಲ್ಲ ಕೂಡಿ ಬರುವುದು ಆರು ತಿಂಗಳ ಆಸುಪಾಸಿನಲ್ಲೇ. ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಮನೆಯವರೆಲ್ಲ ಹೊಸ ಅಕ್ಕಿಯ ಕಾಳು ಬೆರೆಸಿದ ಹಾಲನ್ನು ಹಂಚಿಕೊಳ್ಳುವಾಗ ಮೂರು ತಿಂಗಳ ಕೂಸಿನ ಬಾಯಿಗೂ ಒಂದು ಚಮಚ ಹಾಕುವ ಆಸೆ ಹಿರಿಯರಿಗೆ ಸಹಜ. ಕೂಸಿನ ಪಾಲನ್ನು ತಾಯಿಯೇ ಕುಡಿದರಾಯಿತು, ಮುಂದಿನ ವರ್ಷ ಮಗು ತನ್ನ ಪಾಲನ್ನು ತಾನೇ ಕೇಳುತ್ತದೆ.

ನಮ್ಮ ನೆರೆಯ ಹಿಂದೂ ಮನೆಗಳಲ್ಲಿ ಅನ್ನಪ್ರಾಶನ ಎಂಬ ಶಾಸ್ತ್ರವಿದೆ. ಅದಕ್ಕಾಗಿ ದಿನ ನಿಗದಿ ಮಾಡುವುದರಿಂದ ಮೊದಲ ತುತ್ತು ಮರೆತುಹೋಗುವುದಿಲ್ಲ. ಅಂಥ ರೂಢಿಯಿಲ್ಲದ ಮನೆಗಳಲ್ಲಿ ‘ಹಲ್ಲು ಬರಲಿ’, ‘ನೆಗಡಿ ಹೋಗಲಿ’, ‘ಮಳೆ ಕಳೆಯಲಿ’ ಎಂದು ಎಂಟು ಒಂಬತ್ತು ತಿಂಗಳ ತನಕ ಸರಿದುಬಿಡುತ್ತದೆ. ಊಟ ಆರಂಭಿಸಲು ಹಲ್ಲು ಬೇಕಾಗಿಲ್ಲ, ಮೆತ್ತಗಿನ ಅನ್ನವನ್ನು ವಸಡೇ ನುರಿಸುತ್ತದೆ. ಆರು ತಿಂಗಳು ತುಂಬುವ ದಿನಾಂಕಕ್ಕೆ ಕ್ಯಾಲೆಂಡರಿನಲ್ಲಿ ಈಗಲೇ ಒಂದು ಗುರುತು ಹಾಕಿಡುವುದು ಒಳ್ಳೆಯದು.

ಚಮಚದಿಂದ ಸುರಿಯುವುದು ಊಟವಲ್ಲ

ಈ ಲೇಖನದಲ್ಲಿ ನಾವು ಒತ್ತಿ ಹೇಳಬೇಕೆಂದಿರುವ ವಿಷಯ ಇದೇ. ನಮ್ಮ ಕಡೆ ಮಗುವಿಗೆ ಮೊದಲು ಕೊಡುವುದು ಸಾಮಾನ್ಯವಾಗಿ ಗಂಜಿಯ ತಿಳಿ, ಬೇಳೆಯ ತಿಳಿ ಅಥವಾ ನೀರಾದ ರಾಗಿ ಮಣ್ಣಿ. ‘ಮಗುವಿಗೆ ಜೀರ್ಣವಾಗಬೇಕಲ್ಲ, ಗಂಟಲಲ್ಲಿ ಸಿಕ್ಕಿಕೊಂಡರೆ?’ ಎಂಬ ಅಜ್ಜಿಯಂದಿರ ಕಾಳಜಿ ಪ್ರಾಮಾಣಿಕವಾದುದು. ಆದರೆ ಮಗುವಿನ ಹೊಟ್ಟೆ ಎಷ್ಟು ಹಿಡಿಯುತ್ತದೆ? ಒಂದು ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಲೆಕ್ಕದಲ್ಲಿ ಏಳು ಕಿಲೋದ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು 200 ಮಿ.ಲೀ.ಯಷ್ಟು, ಅಂದರೆ ಒಂದು ಚಿಕ್ಕ ಲೋಟ. ಆ ಲೋಟವನ್ನು ತಿಳಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಮಗು ಅಳು ನಿಲ್ಲಿಸುತ್ತದೆ, ಎದೆಹಾಲನ್ನೂ ಕಡಿಮೆ ಕುಡಿಯುತ್ತದೆ. ಆದರೆ ಒಳಗೆ ಹೋದದ್ದು ಬಹುಪಾಲು ನೀರು. ಅಕ್ಕಿಯ ಅಗುಳು, ಬೇಳೆಯ ತಿರುಳು ಪಾತ್ರೆಯ ಅಡಿಯಲ್ಲೇ ಉಳಿದು ದೊಡ್ಡವರ ಬಟ್ಟಲಿಗೆ ಬರುತ್ತದೆ.

ಪರೀಕ್ಷೆ ಸುಲಭ. ಮಗುವಿನ ಊಟವನ್ನು ಚಮಚದಲ್ಲಿ ತೆಗೆದು ಓರೆ ಮಾಡಿ. ನೀರಿನಂತೆ ಸುರಿದರೆ ಅದು ತೀರಾ ತೆಳ್ಳಗಾಯಿತು. ಚಮಚದ ಮೇಲೆ ನಿಂತು ನಿಧಾನವಾಗಿ ಜಾರಿದರೆ ಸರಿಯಾದ ಹದ. ಕುಚ್ಚಲಕ್ಕಿಯೇ ಆಗಲಿ ಬೆಳ್ತಿಗೆ ಅಕ್ಕಿಯೇ ಆಗಲಿ, ಒಂದು ಹಿಡಿ ಹೆಸರುಬೇಳೆ ಸೇರಿಸಿ ಚೆನ್ನಾಗಿ ಬೇಯಿಸಿ, ಅಗುಳು ಸಮೇತ ಚಮಚದ ಹಿಂಬದಿಯಿಂದ ಹಿಸುಕಿ, ಅರ್ಧ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಬೆರೆಸಬೇಕು. ಒಂದು ಚಿಕ್ಕ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲರಿ ಇದೆ. ಇಷ್ಟು ಚಿಕ್ಕ ಹೊಟ್ಟೆಗೆ ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಶಕ್ತಿ ಕೊಡುವ ವಸ್ತು ಬೇರೆ ಇಲ್ಲ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುವುದು ಮೊದಲ ಎರಡು ಮೂರು ವಾರಕ್ಕೆ ಸಾಕು. ಬಳಿಕ ಹಿಸುಕಿದ್ದು, ಒಂಬತ್ತನೆಯ ತಿಂಗಳಿಗೆ ಸಣ್ಣ ಚೂರುಗಳು, ವರ್ಷ ತುಂಬುವಾಗ ಮನೆಯವರ ಊಟವೇ ಖಾರವಿಲ್ಲದೆ. ಒಂದು ವರ್ಷದ ತನಕ ಮಿಕ್ಸಿಯಲ್ಲಿ ಅರೆದದ್ದನ್ನೇ ತಿಂದ ಮಗು ಮುಂದೆ ಅಗಿಯಲು ಒಪ್ಪುವುದಿಲ್ಲ.

ರಾಗಿ ಮಣ್ಣಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ತೊಂದರೆ ಎಂದರೆ ರಾಗಿಯ ಪಿಷ್ಟ ಬೆಂದಾಗ ನೀರು ಹೀರಿ ಉಬ್ಬುತ್ತದೆ. ಎರಡು ಚಮಚ ಹುಡಿ ಹಾಕಿದರೂ ಪಾತ್ರೆಯೆಲ್ಲ ಅಂಟಂಟಾಗುತ್ತದೆ, ಮಗು ನುಂಗುವುದಿಲ್ಲವೆಂದು ನಾವು ಮತ್ತೆ ನೀರು ಬೆರೆಸುತ್ತೇವೆ. ಇದಕ್ಕೆ ಉಪಾಯ ಮೊಳಕೆಯಲ್ಲಿದೆ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನದಲ್ಲಿ ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸಿ, ಹಗುರವಾಗಿ ಹುರಿದು ಹುಡಿ ಮಾಡಿದರೆ ಆ ಹುಡಿಯಲ್ಲಿ ಪಿಷ್ಟವನ್ನು ತುಂಡರಿಸುವ ಕಿಣ್ವ ತಯಾರಾಗಿರುತ್ತದೆ. ದಪ್ಪ ಗಂಜಿಯನ್ನು ಒಲೆಯಿಂದಿಳಿಸಿ, ಬಿಸಿ ಸ್ವಲ್ಪ ಆರಿದಾಗ ಒಂದು ಚಮಚ ಮೊಳಕೆ ರಾಗಿಯ ಹುಡಿ ಹಾಕಿ ಕಲಕಿದರೆ, ಕೆಲವೇ ನಿಮಿಷಗಳಲ್ಲಿ ಗಂಜಿ ತೆಳ್ಳಗಾಗುವುದನ್ನು ಕಣ್ಣಾರೆ ಕಾಣಬಹುದು. ಅನಂತರ ಮತ್ತೊಂದು ಕುದಿ ಬರಿಸಿ ಆರಿಸಿ ಕೊಡಬೇಕು. ನೀರು ಸೇರಿಸದೆ ತೆಳ್ಳಗಾದ ಈ ಗಂಜಿಯಲ್ಲಿ ಅದೇ ಒಂದು ಬಟ್ಟಲಿಗೆ ಹೆಚ್ಚು ಧಾನ್ಯ ಇರುತ್ತದೆ. ಮೊಳಕೆ ಬರಿಸುವುದರಿಂದ ಕಬ್ಬಿಣವನ್ನು ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಎಂಬ ಅಂಶವೂ ಕಡಿಮೆಯಾಗುತ್ತದೆ. ಹೆಚ್ಚು ಹುರಿದರೆ ಮಾತ್ರ ಕಿಣ್ವ ಸತ್ತುಹೋಗುತ್ತದೆ. ಆಟಿಯ ಮಳೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಲೇಸು. ಮುಗ್ಗಿದ ವಾಸನೆ ಬಂದ ಹುಡಿಯನ್ನು ಚೆಲ್ಲಿಬಿಡಿ, ಬೂಷ್ಟಿನ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಮೊಟ್ಟೆ, ಮೀನು ಯಾವಾಗ?

ಹಿಂದೆ ಮೊಟ್ಟೆ, ಮೀನು, ನೆಲಗಡಲೆಗಳನ್ನು ಒಂದು ವರ್ಷ ಕಳೆಯದೆ ಕೊಡಬಾರದು, ಅಲರ್ಜಿಯಾಗುತ್ತದೆ ಎಂದು ಹೇಳಲಾಗುತ್ತಿತ್ತು. ಈಗ ಈ ಅಭಿಪ್ರಾಯ ಬದಲಾಗಿದೆ. ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೆಲಗಡಲೆಯನ್ನು ಬೇಗ ಆರಂಭಿಸಿದ ಮಕ್ಕಳಲ್ಲೇ ಅದರ ಅಲರ್ಜಿ ಬಹಳ ಕಡಿಮೆ ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯಂತೂ ಆರು ತಿಂಗಳಿನಿಂದಲೇ ಮೊಟ್ಟೆ, ಮೀನು ಅಥವಾ ಮಾಂಸವನ್ನು ದಿನವೂ ಕೊಡುವಂತೆ ಹೇಳುತ್ತದೆ. ಮೀನಿನ ಊರಿನವರಾದ ನಾವು ಮೀನನ್ನು ಮಗುವಿನಿಂದ ದೂರವಿಡುವುದಕ್ಕೆ ಕಾರಣವೇ ಇಲ್ಲ. ಮೀನು, ಕೋಳಿಗಳಲ್ಲಿರುವ ಕಬ್ಬಿಣ ಸೊಪ್ಪು ಬೇಳೆಗಳದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ.

ಮೊಟ್ಟೆಯನ್ನು ಗಟ್ಟಿಯಾಗುವಂತೆ ಬೇಯಿಸಿ, ಮೊದಲ ದಿನ ಹಳದಿಯ ಚಿಟಿಕೆಯಷ್ಟನ್ನು ಅನ್ನದಲ್ಲಿ ಹಿಸುಕಿ ಕೊಡಿ. ತೊಂದರೆಯಿಲ್ಲದಿದ್ದರೆ ಹೆಚ್ಚಿಸುತ್ತಾ ಬಿಳಿಯನ್ನೂ ಸೇರಿಸಿ. ಮೀನಿನಲ್ಲಿ ಕಾಣೆ, ಮಾಂಜಿಯಂಥವು ಅನುಕೂಲ. ಉಪ್ಪು ಖಾರ ಹಾಕದೆ ಹಬೆಯಲ್ಲಿ ಬೇಯಿಸಿ, ಮಾಂಸವನ್ನು ಬಿಡಿಸಿ, ಎರಡು ಬೆರಳುಗಳ ನಡುವೆ ತಿಕ್ಕಿ ನೋಡಬೇಕು. ಮುಳ್ಳನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಹಿಡಿಯುತ್ತದೆ. ಬೂತಾಯಿ ಪೌಷ್ಟಿಕವಾದರೂ ಸಣ್ಣ ಮುಳ್ಳುಗಳ ಕಾರಣ ಅದಕ್ಕೆ ಹೆಚ್ಚಿನ ತಾಳ್ಮೆ ಬೇಕು. ಒಣಮೀನು ಬೇಡ, ಅದು ಉಪ್ಪಿನ ಗಣಿ. ಕೋಳಿ ತಂದ ದಿನ ಅದರ ಲಿವರ್‌ನ ಒಂದು ತುಂಡನ್ನು ಚೆನ್ನಾಗಿ ಬೇಯಿಸಿ ಹಿಸುಕಿ ವಾರಕ್ಕೊಮ್ಮೆ ಕೊಟ್ಟರೆ ಕಬ್ಬಿಣಕ್ಕೆ ಅದಕ್ಕಿಂತ ಅಗ್ಗದ ಮೂಲವಿಲ್ಲ. ಮಾಂಸಾಹಾರವಿಲ್ಲದ ಮನೆಯವರು ಬೇಳೆ, ಹರಿವೆ, ಬಸಳೆಯ ಜೊತೆಗೆ ಕೆಲವು ಹನಿ ಲಿಂಬೆರಸ ಹಿಂಡಲಿ, ಅಥವಾ ಊಟದ ಬೆನ್ನಿಗೆ ಹಿಸುಕಿದ ಪಪ್ಪಾಯಿ ಕೊಡಲಿ. ಸಿ ಜೀವಸತ್ವವು ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ.

ಹೊಸ ಆಹಾರವನ್ನು ಒಂದೊಂದಾಗಿ, ಎರಡು ಮೂರು ದಿನಗಳ ಅಂತರದಲ್ಲಿ ಪರಿಚಯಿಸಿದರೆ ಯಾವುದು ಒಗ್ಗಲಿಲ್ಲ ಎಂದು ತಿಳಿಯುತ್ತದೆ. ಮೈಮೇಲೆ ದದ್ದು, ತುಟಿ ಊತ, ಪದೇ ಪದೇ ವಾಂತಿ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ಕಷ್ಟವಾದರೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆ. ಚರ್ಮದಲ್ಲಿ ತೀವ್ರ ಎಕ್ಸಿಮಾ ಇರುವ ಮಗುವಿಗೆ ಮೊಟ್ಟೆ, ನೆಲಗಡಲೆ ಆರಂಭಿಸುವ ಮೊದಲೇ ವೈದ್ಯರನ್ನು ಕೇಳಿ.

ಬೇಡವಾದವುಗಳ ಪಟ್ಟಿ ಚಿಕ್ಕದು. ವರ್ಷ ತುಂಬುವ ತನಕ ಜೇನು ಹನಿಯಷ್ಟೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲದು. ಉಪ್ಪು, ಸಕ್ಕರೆ ಹಾಕುವುದೂ ಬೇಡ. ಮಣ್ಣಿಗೆ ಬೆಲ್ಲ ಹಾಕುವ ರೂಢಿಯಿದೆ. ನಮಗೆ ಸಪ್ಪೆಯೆನಿಸುವುದು ಸಿಹಿಯ ಅಭ್ಯಾಸವೇ ಇಲ್ಲದ ನಾಲಿಗೆಗೆ ಸಪ್ಪೆಯಲ್ಲ. ಬೇಕೆಂದರೆ ಕದಳಿ ಬಾಳೆಹಣ್ಣು ಹಿಸುಕಿ ಬೆರೆಸಿ. ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಕಬ್ಬಿಣ ಸಿಗುವುದಿಲ್ಲ. ಇನ್ನು ಸಂಜೆಯ ಚಾ. ಅಜ್ಜ ಚಾದಲ್ಲಿ ರಸ್ಕ್ ಅದ್ದಿ ಮೊಮ್ಮಗುವಿನ ಬಾಯಿಗಿಡುವ ದೃಶ್ಯ ಎಷ್ಟೇ ಮುದ್ದಾಗಿರಲಿ, ಚಾದ ಒಗರು ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಇಡೀ ನೆಲಗಡಲೆ, ಗೇರುಬೀಜ, ದ್ರಾಕ್ಷಿ, ತೆಂಗಿನಕಾಯಿ ಚೂರು ಉಸಿರುಗೊಳವೆಗೆ ಅಡ್ಡ ನಿಲ್ಲುವಂಥವು. ಅವನ್ನು ಹುಡಿ ಮಾಡಿ ಅಥವಾ ಹಿಸುಕಿಯೇ ಕೊಡಬೇಕು.

ಡಬ್ಬಿಯ ಆಹಾರದ ಬಗ್ಗೆ ಬಹಳಷ್ಟು ತಾಯಂದಿರು ಕೇಳುತ್ತಾರೆ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ನಮ್ಮ ದೇಶದ 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿದೆ. ಭಾರತದಲ್ಲಿ ಮಾರುವ ಸೆರೆಲಾಕ್‌ನಲ್ಲಿ ಒಂದು ಬಾರಿಯ ಪ್ರಮಾಣಕ್ಕೆ ಸರಾಸರಿ ಮೂರು ಗ್ರಾಂನಷ್ಟು ಸಕ್ಕರೆ ಸೇರಿಸಲಾಗಿದೆ ಎಂದು ಸ್ವಿಟ್ಸರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿತು. ಅದೇ ವರ್ಷ ಕಂಪೆನಿ ಸಂಸ್ಕರಿಸಿದ ಸಕ್ಕರೆಯಿಲ್ಲದ ಬಗೆಗಳನ್ನು ತರುವುದಾಗಿ ಪ್ರಕಟಿಸಿತು. ಡಬ್ಬಿಯ ಪುಡಿಗೆ ಕಬ್ಬಿಣ ಸೇರಿಸಿರುತ್ತಾರೆ ಎಂಬುದು ಅದರ ಒಂದು ಗುಣ, ಅದನ್ನು ಅಲ್ಲಗಳೆಯುವಂತಿಲ್ಲ. ಪ್ರಯಾಣದಲ್ಲಿ ಉಪಯೋಗಕ್ಕೆ ಬಂದೀತು. ಆದರೆ ದಿನವೂ ಮೂರು ಹೊತ್ತು ಒಂದೇ ರುಚಿ, ಒಂದೇ ಹದ ಉಂಡ ಮಗು ಮನೆಯ ಊಟವನ್ನು ಕಲಿಯುವುದು ಯಾವಾಗ?

ಉಣ್ಣಿಸುವವರು ಯಾರು?

2017ರ ತಿದ್ದುಪಡಿಯಾದ ಬಳಿಕ ನೌಕರಿಯಲ್ಲಿರುವ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಇದೆ. ಹೆರಿಗೆಯ ದಿನದಿಂದ ಎಣಿಸಿದರೂ ರಜೆ ಮುಗಿಯುವುದು ಮಗುವಿಗೆ ಮೊದಲ ತುತ್ತು ಕೊಡುವ ವಾರದಲ್ಲೇ. ಗೇರುಬೀಜದ ಕಾರ್ಖಾನೆಗೆ ಹೋಗುವ, ನಸುಕಿನಲ್ಲೇ ಧಕ್ಕೆಗೆ ಮೀನಿಗೆ ಹೋಗುವ ತಾಯಿ ಅದಕ್ಕೂ ಮೊದಲೇ ಮನೆಯಿಂದ ಹೊರಬಿದ್ದಿರುತ್ತಾಳೆ. ಹಾಗಾಗಿ ಈ ಊಟದ ನಿಜವಾದ ಹೊಣೆ ಅಜ್ಜಿಯ, ಅತ್ತೆಯ, ಕೆಲವೊಮ್ಮೆ ಅಜ್ಜನ ಮೇಲೆ. ತಾಯಿಗೆ ಮಾತ್ರ ಆರೋಗ್ಯ ಕೇಂದ್ರದಲ್ಲಿ ಹೇಳಿಕಳಿಸಿದರೆ ಸಾಲದು, ಲಸಿಕೆಗೆ ಹೋಗುವಾಗ ಉಣ್ಣಿಸುವ ಹಿರಿಯರನ್ನೂ ಕರೆದುಕೊಂಡು ಹೋಗಿ. ಕೆಲಸಕ್ಕೆ ಹೋಗುವ ಮೊದಲೇ ಎರಡು ವಾರ ಅಜ್ಜಿಯ ಕೈಯಿಂದ ಉಣ್ಣಿಸುವ ಅಭ್ಯಾಸ ಮಾಡಿಸಿದರೆ ಮಗುವಿಗೂ ತಾಯಿಗೂ ಕಷ್ಟ ಕಡಿಮೆ. ಮನೆಯಲ್ಲಿ ಬೀಡಿ ಕಟ್ಟುವವರಿದ್ದರೆ, ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮಗುವಿನ ಅನ್ನ ಕಲಸಬಾರದು.

ಆರಂಭದಲ್ಲಿ ದಿನಕ್ಕೆ ಎರಡು ಮೂರು ಬಾರಿ, ಎರಡು ಮೂರು ದೊಡ್ಡ ಚಮಚ ಸಾಕು. ಕ್ರಮೇಣ ಹೊತ್ತಿಗೆ ಅರ್ಧ ಬಟ್ಟಲು. ಒಂಬತ್ತು ತಿಂಗಳ ಬಳಿಕ ಮೂರು ನಾಲ್ಕು ಊಟ, ನಡುವೆ ಒಂದೆರಡು ಬಾರಿ ಹಣ್ಣು, ಬೇಯಿಸಿದ ಗೆಣಸು, ಚೀನಿಕಾಯಿ. ಬಟ್ಟಲು ಎಂದರೆ 250 ಮಿ.ಲೀ. ಹಿಡಿಯುವಂಥದ್ದು. ಮಗುವಿಗೆ ಅದರದ್ದೇ ಬಟ್ಟಲು ಇರಲಿ, ಎಷ್ಟು ಉಂಡಿತು ಎಂದು ಆಗ ಮಾತ್ರ ಗೊತ್ತಾಗುತ್ತದೆ. ಉಗುಳಿದರೆ ಇಷ್ಟವಿಲ್ಲ ಎಂದು ತೀರ್ಮಾನಿಸಬೇಡಿ. ಹೊಸ ರುಚಿಯನ್ನು ಒಪ್ಪಿಕೊಳ್ಳಲು ಮಗುವಿಗೆ ಎಂಟು ಹತ್ತು ಬಾರಿ ಬೇಕಾಗಬಹುದು. ಬಾಯಿ ಮುಚ್ಚಿ ಮುಖ ತಿರುಗಿಸಿದರೆ ಆ ಹೊತ್ತಿಗೆ ಸಾಕು ಎಂದು ಅರ್ಥ. ಮೂಗು ಹಿಡಿದು ತುರುಕುವುದು, ಮೊಬೈಲ್ ತೋರಿಸಿ ಮೈಮರೆಸಿ ನುಂಗಿಸುವುದು, ಇವೆರಡರಿಂದಲೂ ಮಗು ತನ್ನ ಹಸಿವನ್ನು ಗುರುತಿಸುವುದನ್ನು ಕಲಿಯುವುದಿಲ್ಲ.

ಜ್ವರ, ಭೇದಿ ಬಂದಾಗ ಊಟ ನಿಲ್ಲಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಭೇದಿಯಾದಾಗ ಓಆರ್‌ಎಸ್ ಮತ್ತು ವೈದ್ಯರು ಹೇಳಿದಂತೆ ಸತುವಿನ ಮಾತ್ರೆಯ ಜೊತೆಗೆ ಎದೆಹಾಲು ಹಾಗೂ ಮೆತ್ತಗಿನ ಊಟ ಮುಂದುವರಿಯಬೇಕು. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಕಳೆದುಕೊಂಡ ತೂಕ ಮರಳುತ್ತದೆ. ಮಳೆಗಾಲದಲ್ಲಿ ಬಾವಿ ನೀರನ್ನು ಕುದಿಸಿಯೇ ಬಳಸಿ. ಬಾಟಲಿ ಬೇಡ, ಬಟ್ಟಲು ಚಮಚ ಸಾಕು. ಮಗು ಉಂಡು ಬಿಟ್ಟದ್ದನ್ನು ಮತ್ತೆ ಬಿಸಿ ಮಾಡಿ ಕೊಡಬೇಡಿ.

ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಉಚಿತವಾಗಿ ಸಿಗುತ್ತದೆ. ‘ನಮಗೇಕೆ, ಅದು ಬಡವರಿಗೆ’ ಎಂಬ ಸಂಕೋಚದಿಂದ ಹೆಸರು ಬರೆಸದ ಮನೆಗಳಿವೆ. ಈ ಸಂಕೋಚಕ್ಕೆ ಕಾರಣವಿಲ್ಲ, ಅದು ಪ್ರತಿ ಮಗುವಿನ ಹಕ್ಕು. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆರಡು ಬಾರಿ ಒಂದು ಮಿ.ಲೀ. ಕಬ್ಬಿಣದ ಸಿರಪ್ ನೀಡಲಾಗುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಮಲ ಕಪ್ಪಾದರೆ ಗಾಬರಿ ಬೇಡ. ಬಾಟಲಿಯನ್ನು ಮಾತ್ರ ದೊಡ್ಡ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಒಮ್ಮೆಗೇ ಹೆಚ್ಚು ಕುಡಿದರೆ ಅಪಾಯ. ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆಯ ಜೊತೆ ಎ ಜೀವಸತ್ವದ ಮೊದಲ ಹನಿಯೂ ಇದೆ. ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ನೋಡಿಸಿ ತಾಯಿ ಕಾರ್ಡಿನ ಗೆರೆಯಲ್ಲಿ ಚುಕ್ಕೆ ಹಾಕಿಸಿ. ಎರಡು ತಿಂಗಳು ಸತತವಾಗಿ ಗೆರೆ ಮೇಲೇರದೆ ಅಡ್ಡವಾಗಿ ಹೋದರೆ, ಮಗು ಎಷ್ಟೇ ಆಡಿಕೊಂಡಿರಲಿ, ಮಕ್ಕಳ ವೈದ್ಯರ ಬಳಿಗೆ ಕರೆದೊಯ್ಯಿರಿ.